ಮನೆಹೆಸರಿನ ಮೈದಾನ

ಸಂಜೆ ಮಣ್ಣಗುಡ್ಡದ ಮಂಗಳಾ ಕ್ರೀಡಾಂಗಣದ ಬದಿಯಲ್ಲಿ ನಡೆಯುವಾಗ ಪೋಷಕರ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಸುವುದು ವಯಸ್ಸಿನ ಲೆಕ್ಕ: ಹುಡುಗ ಹದಿನಾಲ್ಕರ ಒಳಗೋ, ಹದಿನೇಳರ ಒಳಗೋ? ಮಕ್ಕಳ ಕ್ರೀಡೆಯ ಕಥನ ಹೆಚ್ಚಾಗಿ ಈ ಗೆರೆಯಿಂದಲೇ ಶುರುವಾಗುತ್ತದೆ.

ಕೆನಡಾದ ಜೂನಿಯರ್ ಐಸ್ ಹಾಕಿ ಇದಕ್ಕೆ ಒಳ್ಳೆಯ ಉದಾಹರಣೆ. ಇಂದು ವೆಸ್ಟರ್ನ್ ಹಾಕಿ ಲೀಗ್ ಎನ್ನಿಸಿಕೊಂಡಿರುವುದು 1966ರಲ್ಲಿ ಬೇರೆ ಹೆಸರಿನಲ್ಲಿ, 7 ತಂಡಗಳೊಂದಿಗೆ ಮೊದಲ ಋತುವನ್ನು ಆರಂಭಿಸಿತು. ತಂಡಕ್ಕೆ ಊರಿನ ಹೆಸರು. ಆಡುವ ಹುಡುಗ ಎಷ್ಟೋ ಸಲ ಬೇರೆ ಊರಿನವನು. ಹದಿಹರೆಯದಲ್ಲೇ ಮನೆ ಬಿಟ್ಟು, ಆತಿಥೇಯ ಕುಟುಂಬವೊಂದರ ಜೊತೆಗಿದ್ದು ಆಡುವುದು ಅಲ್ಲಿನ ರೂಢಿ. ಬೆಳೆಯಬೇಕಾದರೆ ಮನೆ ಬಿಡಬೇಕು ಎಂಬುದು ಆ ಕಥನದ ಒಳತರ್ಕ.

1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ನಡೆದ ಮೊದಲ ಕೊಡವ ಕೌಟುಂಬಿಕ ಹಾಕಿ ಈ ತರ್ಕವನ್ನೇ ತಿರುವಿಹಾಕಿತು. ಪಾಂಡಂಡ ಕುಟ್ಟಪ್ಪ ಅವರ ಕಲ್ಪನೆಯ ಆ ಪಂದ್ಯಾವಳಿಗೆ ಬಂದದ್ದು 60 ಕುಟುಂಬಗಳು. ಇಲ್ಲಿ 'ಒಕ್ಕ', ಅಂದರೆ ಮನೆತನವೇ ತಂಡ. ಅಜ್ಜನೂ ಮೊಮ್ಮಗಳೂ ಒಂದೇ ಕಡೆ ಆಡಬಹುದು. ದೇಶಕ್ಕಾಗಿ ಆಡಿದವನೂ ಇಲ್ಲಿ ಮನೆಯ ಹುಡುಗ.

ಪತ್ರಿಕೆಗಳು ಇದನ್ನು ಓದುವುದು ಅಂಕಿಗಳಲ್ಲಿ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು, ಗಿನ್ನೆಸ್ ದಾಖಲೆ ಎಂಬಲ್ಲಿಗೆ ಓದು ಮುಗಿಯುತ್ತದೆ. ಈ ಓದು ಸಾಲದು ಎಂಬುದು ನನ್ನ ತಕರಾರು. ಮೊದಲ ಋತುವಿನ ನಿಜವಾದ ಹೊಸತನ ಗಾತ್ರದಲ್ಲಿಲ್ಲ, ವ್ಯಾಕರಣದಲ್ಲಿದೆ. ಕೊಡವ ಹೆಸರಿನಲ್ಲಿ ಮನೆತನ ಮೊದಲು, ವ್ಯಕ್ತಿ ಆಮೇಲೆ. 'ಪಾಂಡಂಡ ಕುಟ್ಟಪ್ಪ' ಎಂಬ ಹೆಸರೇ ಸಾಕ್ಷಿ. ಆ ಪದಕ್ರಮವನ್ನೇ ಪಂದ್ಯಾವಳಿ ಮೈದಾನಕ್ಕೆ ತಂದಿತು. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್ ಅದರ ಹೆಸರನ್ನೇ ಹೊರುತ್ತದೆ. ಹೀಗೆ ಗೆಲ್ಲದ ಮನೆಯೂ ಕ್ರೀಡೆಯ ಚರಿತ್ರೆಯೊಳಗೆ ಬರುತ್ತದೆ.

ಆದರೆ ಮೆಚ್ಚುಗೆಯಲ್ಲೇ ನಿಂತರೆ ಅದು ವಿಮರ್ಶೆಯಲ್ಲ. ವಯಸ್ಸಿನ ಗೆರೆ ಅಳಿಸಿದ ಕಡೆ ಹುಟ್ಟಿನ ಗೆರೆ ಮೂಡಿದೆ. ಮನೆಹೆಸರೇ ಅರ್ಹತೆಯಾದಾಗ, ಅದೇ ಕೊಡಗಿನಲ್ಲಿ ಹುಟ್ಟಿ ಅದೇ ಮಣ್ಣಿನಲ್ಲಿ ದುಡಿಯುವ, ಒಕ್ಕದ ಹೆಸರಿಲ್ಲದ ಮಗುವಿಗೆ ಉಳಿಯುವುದು ಮೈದಾನದ ಅಂಚು. ಚಿಕ್ಕ ಸಮುದಾಯವೊಂದು ಚದುರಿಹೋಗುವ ಭಯದಲ್ಲಿ ತನ್ನವರನ್ನು ವರ್ಷಕ್ಕೊಮ್ಮೆ ಕೂಡಿಸಿಕೊಳ್ಳುವುದನ್ನು ನಾನು ಸುಲಭವಾಗಿ ತಪ್ಪೆನ್ನಲಾರೆ. ಆದರೂ ಆ ಅಂಚನ್ನು ಕಾಣದ ಓದನ್ನು ಪೂರ್ಣವೆಂದು ಒಪ್ಪಲಾರೆ.

ಕೆನಡಾದ ಹುಡುಗ ಆಟಕ್ಕಾಗಿ ಮನೆ ಬಿಡುತ್ತಾನೆ. ಕೊಡಗಿನವನು ಆಟಕ್ಕಾಗಿ ಮನೆಗೆ ಮರಳುತ್ತಾನೆ. ಮಂಗಳಾ ಕ್ರೀಡಾಂಗಣದ ಬೇಲಿಯಾಚೆ ನಿಂತು ನೋಡುವ ಮಗುವಿನ ಪ್ರಶ್ನೆಗೆ ಈ ಎರಡೂ ಕಥನಗಳು ಇನ್ನೂ ಉತ್ತರಿಸಿಲ್ಲ.