ಏಳನೇ ಅಧ್ಯಾಯದ ಪರವಾಗಿ

ಆಕ್ಚುರಿಯಲ್ ಪರೀಕ್ಷೆಗೆ ಕೂರುವವರಿಗೆ ಮೊದಲೇ ಪಾಸಾದವರು ಹೇಳಿಕೊಡುವ ದಾರಿ ಈಗ ಮಂತ್ರದಷ್ಟು ಗಟ್ಟಿಯಾಗಿದೆ. ಅಧ್ಯಾಯದ ಕೊನೆಯ ಸಾರಾಂಶ ಓದು, ಹತ್ತು ವರ್ಷದ ಹಳೆಯ ಪ್ರಶ್ನೆಪತ್ರಿಕೆ ಬಿಡಿಸು, ಪರೀಕ್ಷೆಯ ಒಂದೊಂದು ಗಂಟೆಗೂ ನೂರು ಗಂಟೆ ಓದು. ಬೆಂಗಳೂರಿನಲ್ಲಿ ಹಗಲು ವಿಮಾ ಲೆಕ್ಕದ ಕೆಲಸ ಮಾಡಿ ರಾತ್ರಿ ಓದುವವರು ಇದನ್ನು ಪ್ರಶ್ನೆ ಮಾಡದೆ ಪಾಲಿಸುತ್ತಾರೆ. ಈ ಪದ್ಧತಿಗೆ ಸಿಕ್ಕಿರುವ ಗೌರವ ಅದರ ಯೋಗ್ಯತೆಯನ್ನು ಮೀರಿದ್ದು. ಅದರ ನೆರಳಿನಲ್ಲಿ ಮೂಲೆಗೆ ಬಿದ್ದಿರುವುದು ಡೇವಿಡ್ ಡಿಕ್ಸನ್, ಮೇರಿ ಹಾರ್ಡಿ, ಹೋವರ್ಡ್ ವಾಟರ್ಸ್ ಬರೆದ, 2009ರಲ್ಲಿ ಕೇಂಬ್ರಿಜ್ ಪ್ರಕಟಿಸಿದ ‘ಆಕ್ಚುರಿಯಲ್ ಮ್ಯಾಥಮ್ಯಾಟಿಕ್ಸ್ ಫಾರ್ ಲೈಫ್ ಕಂಟಿಂಜೆಂಟ್ ರಿಸ್ಕ್ಸ್’. ಸಿಎಂ1 ಎಂಬ ಆಕ್ಚುರಿಯಲ್ ಗಣಿತದ ಪರೀಕ್ಷೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ನನಗೆ ಗೊತ್ತಿಲ್ಲ. ಕಾರಣ ತೋರಿಸಲು ಇಡೀ ಪುಸ್ತಕ ಬೇಕಿಲ್ಲ, ಏಳನೇ ಅಧ್ಯಾಯ ಸಾಕು.

ಅಲ್ಲಿನ ವಿಷಯ ಪಾಲಿಸಿಯ ಮೌಲ್ಯ, ಎಂದರೆ ರಿಸರ್ವ್. ಮುಂದೆ ಕೊಡಬೇಕಾದ್ದರ ಇಂದಿನ ಬೆಲೆಯಲ್ಲಿ ಮುಂದೆ ಬರಬೇಕಾದ್ದರ ಇಂದಿನ ಬೆಲೆ ಕಳೆಯುವುದು ಎಲ್ಲರಿಗೂ ಬಾಯಿಪಾಠ. ಲೇಖಕರು ಅಲ್ಲಿಗೆ ನಿಲ್ಲದೆ ಒಂದೇ ಒಂದು ವರ್ಷವನ್ನು ಹಿಡಿದು ನೋಡುತ್ತಾರೆ. ವರ್ಷದ ಮೊದಲಿಗೆ ಕೈಯಲ್ಲಿರುವ ರಿಸರ್ವ್‌ಗೆ ಪ್ರೀಮಿಯಂ ಸೇರಿಸಿ, ಖರ್ಚು ಕಳೆದು, ಬಡ್ಡಿ ಬೆಳೆಸಿದರೆ ಬರುವ ಹಣ ವರ್ಷದ ಕೊನೆಗೆ ಎರಡು ಕಡೆ ಸಾಲಬೇಕು: ಸತ್ತವರ ಮನೆಗೆ ವಿಮಾ ಮೊತ್ತ, ಬದುಕಿದವರ ಹೆಸರಿಗೆ ಮುಂದಿನ ರಿಸರ್ವ್. ಇಷ್ಟನ್ನು ಬರೆದ ಮೇಲೆ ಅದೇ ಸಮೀಕರಣವನ್ನು ಇನ್ನೊಂದು ರೀತಿಯಲ್ಲಿ ಜೋಡಿಸುತ್ತಾರೆ. ಸತ್ತವರು, ಬದುಕಿದವರು ಎನ್ನದೆ ಮೊದಲು ಎಲ್ಲರ ಹೆಸರಿಗೂ ಮುಂದಿನ ರಿಸರ್ವ್ ಎತ್ತಿಡು. ಸತ್ತವರಿಗೆ ಇನ್ನೆಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನು ಮಾತ್ರ ಮೇಲೆ ಸೇರಿಸು. ಈ ‘ಮೇಲಿನ ಅಷ್ಟು’ ಇದೆಯಲ್ಲ, ವಿಮಾ ಮೊತ್ತದಲ್ಲಿ ರಿಸರ್ವ್ ಕಳೆದು ಉಳಿದದ್ದು, ಅದೇ ಡೆತ್ ಸ್ಟ್ರೇನ್ ಅಟ್ ರಿಸ್ಕ್. ಬೀಜಗಣಿತದಲ್ಲಿ ಒಂದು ಸಾಲಿನ ಬದಲಾವಣೆ. ಆದರೆ ಒಂದು ಸಾವಿನಿಂದ ಕಂಪನಿಗೆ ನಿಜವಾಗಿ ಬೀಳುವ ಹೊರೆ ಎಷ್ಟು ಎಂಬುದು ಆ ಸಾಲಿನಲ್ಲೇ ಬೆಳಕಿಗೆ ಬರುತ್ತದೆ.

ತಲಾ 10 ಲಕ್ಷದ 1,000 ಪಾಲಿಸಿಗಳಿವೆ, ವರ್ಷದ ಕೊನೆಯ ರಿಸರ್ವ್ ಒಂದಕ್ಕೆ 3 ಲಕ್ಷ, ಸಾವಿನ ಸಂಭವ 0.004 ಎಂದುಕೊಳ್ಳಿ. ನಿರೀಕ್ಷಿಸಿದ್ದು ನಾಲ್ಕು ಸಾವು, ಆದದ್ದು ಆರು. ಒಂದು ಸಾವಿನ ಹೊರೆ 7 ಲಕ್ಷ. ನಿರೀಕ್ಷಿತ ಹೊರೆ 28 ಲಕ್ಷ, ಆದ ಹೊರೆ 42 ಲಕ್ಷ, ನಷ್ಟ 14 ಲಕ್ಷ. ಇಲ್ಲಿಯವರೆಗೆ ಹಳೆಯ ಪತ್ರಿಕೆ ಬಿಡಿಸಿದವರೂ ಬರುತ್ತಾರೆ. ಈಗ ಸತ್ತರೆ ಏನೂ ಕೊಡದ, ಅವಧಿ ಮುಗಿಯುವವರೆಗೆ ಬದುಕಿದವರಿಗೆ ಮಾತ್ರ ಹಣ ಕೊಡುವ ಪಾಲಿಸಿ ತೆಗೆದುಕೊಳ್ಳಿ. ರಿಸರ್ವ್ ಅದೇ 3 ಲಕ್ಷ. ಹೊರೆ ಮೈನಸ್ 3 ಲಕ್ಷವಾಗುತ್ತದೆ, ಅದೇ ಆರು ಸಾವು ಕಂಪನಿಗೆ 6 ಲಕ್ಷ ಲಾಭ ತರುತ್ತದೆ. ಸತ್ತರೂ ಬದುಕಿದರೂ ವರ್ಷದ ಕೊನೆಗೆ ಒಂದೇ ಮೊತ್ತ ಕೊಡುವ ಎಂಡೋಮೆಂಟ್ ಪಾಲಿಸಿಯ ಕೊನೆಯ ವರ್ಷದಲ್ಲಿ ಹೊರೆ ಸೊನ್ನೆ. ಎಷ್ಟು ಜನ ಸತ್ತರೂ ಲಾಭವೂ ಇಲ್ಲ, ನಷ್ಟವೂ ಇಲ್ಲ. ‘ನಿರೀಕ್ಷಿತದಲ್ಲಿ ಆದದ್ದನ್ನು ಕಳೆ’ ಎಂಬ ಸೂತ್ರವಷ್ಟೇ ಕೈಯಲ್ಲಿದ್ದರೆ ಪ್ಲಸ್ಸು ಮೈನಸ್ಸಿನಲ್ಲಿ ಎಡವುವುದು ಇಲ್ಲೇ. ಎಡವಿದ್ದು ಗೊತ್ತಾಗುವುದೂ ಇಲ್ಲ, ಏಕೆಂದರೆ ಮೇಲ್ನೋಟಕ್ಕೆ ಲೆಕ್ಕ ಸರಿಯೆಂದೇ ಕಾಣುತ್ತದೆ. ಅಧ್ಯಾಯ ಇನ್ನೂ ಮುಂದೆ ಹೋಗಿ ಆ ವರ್ಷವನ್ನು ಕ್ಷಣದಷ್ಟು ಚಿಕ್ಕದು ಮಾಡುತ್ತದೆ. ಆಗ ಸಿಗುವುದು ಡೆನ್ಮಾರ್ಕಿನ ಥೀಲೆ 1875ರಲ್ಲಿ ಕಂಡುಕೊಂಡ ಸಮೀಕರಣ, ಮತ್ತು ಅದರ ನಡುವೆ ಅದೇ ಹೊರೆ ಕೂತಿರುತ್ತದೆ. ಥೀಲೆಯನ್ನು ಬೇರೆ ಸೂತ್ರವೆಂದು ಉರು ಹೊಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆಪತ್ರಿಕೆ ಪಕ್ಷದವರ ಮೊದಲ ಉತ್ತರ ಸಿದ್ಧವಾಗಿದೆ: ಕೆಲಸಕ್ಕೆ ಹೋಗುವವರಿಗೆ ದಪ್ಪ ಪುಸ್ತಕ ಓದಲು ಪುರುಸೊತ್ತೆಲ್ಲಿ? ನೂರು ಗಂಟೆಯ ಲೆಕ್ಕವನ್ನು ಮುಂದಿಡುವವರೂ ಇವರೇ. ಮೂರು ಗಂಟೆಯ ಪರೀಕ್ಷೆಗೆ ಮುನ್ನೂರು ಗಂಟೆ ಕೊಡಬಲ್ಲವರಿಗೆ ಒಂದು ಅಧ್ಯಾಯಕ್ಕೆ ಇಪ್ಪತ್ತು ಗಂಟೆ ಇಲ್ಲವೆ? ಅಷ್ಟಕ್ಕೂ ಆ ನೂರು ಗಂಟೆಯ ಲೆಕ್ಕ ಅಮೆರಿಕದ ಸೊಸೈಟಿ ಆಫ್ ಆಕ್ಚುರೀಸ್ ಪರೀಕ್ಷೆ ಬರೆಯುವವರ ನಡುವೆ ಬಳಕೆಯಲ್ಲಿರುವುದು. ಅಲ್ಲಿನ ‘ಪಿ’ ಪರೀಕ್ಷೆ ಮೂರು ಗಂಟೆಗೆ ಮೂವತ್ತು ಬಹುಆಯ್ಕೆ ಪ್ರಶ್ನೆ, ಒಂದಕ್ಕೆ ಆರು ನಿಮಿಷ. ಅಲ್ಲಿ ಕೈಯ ವೇಗಕ್ಕೆ ಬೆಲೆಯಿದೆ, ಪ್ರಶ್ನೆಗಳ ರಾಶಿ ಬಿಡಿಸುವುದು ಸರಿಯಾದ ತಯಾರಿಯೇ. ಹೆಜ್ಜೆ ಹೆಜ್ಜೆಗೂ ಅಂಕವಿರುವ ಸಿಎಂ1ಕ್ಕೆ ಅದನ್ನು ತಂದು ಹಾಕುವುದು ತಪ್ಪು. ಕೂತ ಗಂಟೆ ಎಣಿಸುವ ಯೋಜನೆಯಲ್ಲಿ ಏನು ತಿಳಿಯಿತು ಎಂಬುದಕ್ಕೆ ಕಾಲಂ ಇಲ್ಲ. ಇನ್ನು ಬೋವರ್ಸ್ ಮತ್ತು ಸಂಗಡಿಗರ 1986ರ ಗ್ರಂಥವನ್ನೇ ಓದಬೇಕೆನ್ನುವ ಹಿರಿಯರ ಮೇಲೆ ಗೌರವವಿದೆ, ಆ ಗ್ರಂಥದ ಮೇಲೂ ಇದೆ. ಆದರೆ 2019ರ ಪಠ್ಯಕ್ರಮದಲ್ಲಿ ಸಿಎಂ1ಕ್ಕೆ ಎಕ್ಸೆಲ್‌ನಲ್ಲಿ ಬರೆಯುವ ಬಿ ಪತ್ರಿಕೆ ಬಂದಿದೆ. ಸ್ಪ್ರೆಡ್‌ಶೀಟ್ ಇಟ್ಟುಕೊಂಡೇ ಯೋಚಿಸುವುದನ್ನು ಕಲಿಸುವುದು ಡಿಕ್ಸನ್ ಬಳಗ.

ಪುಸ್ತಕದ ಕೊರತೆಗಳೂ ಇವೆ. ಚಕ್ರಬಡ್ಡಿಯ ಗಣಿತ ಗೊತ್ತಿದೆ ಎಂದುಕೊಂಡೇ ಅದು ಶುರುವಾಗುತ್ತದೆ. ಸಿಎಂ1ರ ಆ ಭಾಗಕ್ಕೆ ಆಕ್ಟೆಡ್ ಎಂಬ ಬೋಧನಾ ಸಂಸ್ಥೆಯ ನೋಟ್ಸ್ ಬೇಕೇ ಬೇಕು, ಪರೀಕ್ಷೆಯ ಅಧಿಕೃತ ಪಠ್ಯವಾದ ಕೋರ್ ರೀಡಿಂಗನ್ನು ದಪ್ಪಕ್ಷರದಲ್ಲಿಟ್ಟು ಸುತ್ತ ವಿವರಣೆ ಕೊಡುವ ಅದರ ಕ್ರಮ ಚೆನ್ನಾಗಿದೆ. ಉದಾಹರಣೆಗಳು ಮೇಕಮ್ ನಿಯಮದ ಮೇಲೆ ಕಟ್ಟಿದ ಮರಣ ಮಾದರಿಯಲ್ಲಿವೆ, ನಮ್ಮ ಪರೀಕ್ಷೆಯಲ್ಲಿ ಕೈಗೆ ಬರುವುದು 2002ರ ಕೋಷ್ಟಕ ಪುಸ್ತಕದ ಎಎಂ92 ಮರಣ ಕೋಷ್ಟಕ. ಅಭ್ಯಾಸಗಳ ವಿವರವಾದ ಉತ್ತರಕ್ಕೆ ಬೇರೆ ಪುಸ್ತಕ ಕೊಳ್ಳಬೇಕು.

ಆದ್ದರಿಂದ ಏಪ್ರಿಲ್‌ನಲ್ಲಿ ಬರೆಯುವವರು ನವೆಂಬರ್, ಡಿಸೆಂಬರನ್ನು ನೋಟ್ಸ್ ಹಿಡಿದು ಬಡ್ಡಿಯ ಭಾಗಕ್ಕೆ ಕೊಡಲಿ. ಜನವರಿಯಿಂದ ಈ ಪುಸ್ತಕದ ಎರಡರಿಂದ ಏಳನೇ ಅಧ್ಯಾಯ, ಪ್ರತಿ ಸಮೀಕರಣವನ್ನೂ ಖಾಲಿ ಹಾಳೆಯಲ್ಲಿ ತಾವೇ ಸಾಧಿಸಿ, ಎಎಂ92ರ ಅಂಕಿ ಹಾಕಿ ಎಕ್ಸೆಲ್‌ನಲ್ಲಿ ಕಟ್ಟಲಿ. ಹಳೆಯ ಪತ್ರಿಕೆಗಳನ್ನು ಕೊನೆಯ ಆರು ವಾರದವರೆಗೆ ಮುಟ್ಟದಿರಲಿ, ಮುಟ್ಟಿದಾಗ ಗಡಿಯಾರವಿಟ್ಟುಕೊಂಡೇ ಬಿಡಿಸಲಿ. 2020ರ ಮೂರನೇ ಆವೃತ್ತಿಗೆ ದುಡ್ಡು ಸಾಲದಿದ್ದರೆ 2013ರದ್ದು, 2009ರದ್ದು ಹಳೆಯ ಪ್ರತಿ ಸಿಕ್ಕರೂ ಆದೀತು. ಏಳನೇ ಅಧ್ಯಾಯ ಮೂರರಲ್ಲೂ ಇದೆ.