ಅಭಿರುಚಿಯೂ ಅಭಿಮತವೂ

ಏಯರ್ ಎಂಬ ಆಂಗ್ಲ ದಾರ್ಶನಿಕನು, ವಿಯೆನ್ನಾ ನಗರದ ವಿದ್ವದ್ಗೋಷ್ಠಿಯಲ್ಲಿ ಕೆಲಕಾಲ ಕುಳಿತು ಬಂದು, ತನಗೆ 26 ವರ್ಷ ತುಂಬುವ ಮುನ್ನವೇ 1936ರಲ್ಲಿ ಪ್ರಕಟಿಸಿದ ‘ಲ್ಯಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್’ ಎಂಬ ಗ್ರಂಥವು ಗಾತ್ರದಲ್ಲಿ ಅಲ್ಪವಾದರೂ ಧೈರ್ಯದಲ್ಲಿ ಅಲ್ಪವಲ್ಲ. ಅನುಭವದಿಂದ ಪರೀಕ್ಷಿಸಲಾಗದ, ಪದಗಳ ಅರ್ಥಮಾತ್ರದಿಂದ ಸಿದ್ಧವೂ ಆಗದ ಮಾತೆಲ್ಲ ನಿರರ್ಥಕವೆಂಬುದು ಅದರ ಮೂಲಸೂತ್ರ. ಆ ಸೂತ್ರದಿಂದ ತತ್ತ್ವಮೀಮಾಂಸೆಯನ್ನು ಒರೆಸಿಹಾಕಿದ ಗ್ರಂಥಕರ್ತನು ಆರನೆಯ ಅಧ್ಯಾಯದಲ್ಲಿ ನೀತಿಯ ಕಡೆಗೆ ತಿರುಗಿ, ಕಳ್ಳತನ ತಪ್ಪೆಂಬ ಮಾತು ದಿಟವೂ ಅಲ್ಲ, ಸಟೆಯೂ ಅಲ್ಲ, ಆಡಿದವನ ಮನೋಭಾವದ ಉದ್ಗಾರವಷ್ಟೇ ಎಂದು ತೀರ್ಪು ಕೊಡುತ್ತಾನೆ. ಈ ತೀರ್ಪಿಗೆ ತಲೆಬಾಗಿದೆವಾದರೆ, ಅಸ್ಪೃಶ್ಯತೆ ಅಳಿಯಬೇಕೆನ್ನುವವನ ನಿಷ್ಠೆಗೂ ಹಾಗಲಕಾಯಿ ತನಗೆ ಒಗ್ಗದೆನ್ನುವವನ ನಾಲಗೆಗೂ ಇರುವ ಅಂತರವು ಕಾವಿನ ಹೆಚ್ಚುಕಡಿಮೆಯೇ ಹೊರತು ಬೇರೇನೂ ಅಲ್ಲವೆಂದಾಗುತ್ತದೆ.

ವಾದದಲ್ಲಿ ಗುಣವಿಲ್ಲದಿಲ್ಲ. ನೀತಿಯ ಹೆಸರಿನಲ್ಲಿ ನಡೆಯುವ ಜಗಳಗಳಲ್ಲಿ ಬಹುಪಾಲು ವಸ್ತುಸ್ಥಿತಿಯ ಜಗಳಗಳೇ ಎಂದು ಏಯರನು ತೋರಿಸಿಕೊಟ್ಟದ್ದು ಉಪಕಾರವೇ ಸರಿ. ಪಾನನಿರೋಧದ ಚರ್ಚೆಯನ್ನು ಕೇಳಿದವರು ಇದನ್ನು ಬಲ್ಲರು: ಕಳ್ಳಭಟ್ಟಿ ಹೆಚ್ಚುವುದೆ, ಬೊಕ್ಕಸ ಬರಿದಾಗುವುದೆ, ಕೂಲಿಯವನ ಮನೆಯಲ್ಲಿ ಒಲೆ ಹೊತ್ತುವುದೆ ಎಂಬ ಪ್ರಶ್ನೆಗಳು ತೀರಿದ ಮೇಲೆ ಉಳಿಯುವ ಭಿನ್ನಾಭಿಪ್ರಾಯ ಸಣ್ಣದು. ಆದರೆ ಆ ಉಳಿದ ಸಣ್ಣದು ರುಚಿಯೆ?

ಅಲ್ಲವೆನ್ನಲು ಕಾರಣವುಂಟು. ಬಾಲ್ಯದಲ್ಲಿ ಹಾಗಲಕಾಯಿಯ ಗೊಜ್ಜನ್ನು ಎಲೆಯಂಚಿಗೆ ತಳ್ಳುತ್ತಿದ್ದವನು ನಡುವಯಸ್ಸಿನಲ್ಲಿ ಅದನ್ನೇ ಚಪ್ಪರಿಸಿ ತಿಂದರೆ, ಅಂದು ತಾನು ತಪ್ಪಿದ್ದೆನೆಂದು ಯಾರ ಮುಂದೆಯೂ ಒಪ್ಪಿಕೊಳ್ಳಬೇಕಾಗಿಲ್ಲ. ಗಾಂಧೀಜಿಯವರ ಸಂಗತಿ ಹಾಗಲ್ಲ. 1921ರಲ್ಲಿ ಅಂತರ್ಜಾತಿ ವಿವಾಹದ ನಿಷೇಧವು ಆತ್ಮೋನ್ನತಿಗೆ ಅವಶ್ಯವೆಂದು ಬರೆದಿದ್ದವರು, ತಮ್ಮ ಎರಡು ಬರಹಗಳು ಪರಸ್ಪರ ವಿರುದ್ಧವಾಗಿ ಕಂಡಲ್ಲಿ ಈಚಿನದನ್ನೇ ಹಿಡಿಯಬೇಕೆಂದು 1933ರಲ್ಲಿ ‘ಹರಿಜನ’ ಪತ್ರಿಕೆಯ ಓದುಗರಿಗೆ ತಿಳಿಸಿ, ಬಾಳಿನ ಕೊನೆಯ ವರ್ಷಗಳಲ್ಲಿ ಸವರ್ಣ–ಹರಿಜನ ವಿವಾಹಗಳನ್ನೇ ವಿಶೇಷವಾಗಿ ಹರಸುವವರಾದರು. ಈಚಿನದು ಸತ್ಯಕ್ಕೆ ಹೆಚ್ಚು ಹತ್ತಿರವೆಂಬ ವಿಶ್ವಾಸವಿಲ್ಲದೆ ಅಂಥ ಸೂಚನೆಗೆ ಅರ್ಥವೇ ಇರದು. ನಾಲಗೆಯ ಚರಿತ್ರೆಯಲ್ಲಾದರೋ ಹಿಂದಿನ ರುಚಿಯನ್ನು ಇಂದಿನದು ತಿದ್ದಿತೆಂಬ ಮಾತು ಹುಟ್ಟುವುದಿಲ್ಲ. ಇದೂ ಇನ್ನೊಂದು ಉದ್ಗಾರವೇ ಎಂದು ಏಯರನು ಉತ್ತರಿಸಬಹುದು. ಆದರೆ ಕಾರಣವನ್ನು ಕೇಳಿಸಿಕೊಂಡು, ಕಾರಣಕ್ಕೆ ಮಣಿದು, ತನ್ನ ನಿನ್ನೆಯನ್ನು ತಾನೇ ತಪ್ಪೆಂದು ಕರೆಯಬಲ್ಲ ಉದ್ಗಾರವು ಉದ್ಗಾರವೆಂಬ ಹೆಸರಿನೊಳಗೆ ಹಿಡಿಸಲಾರದು.

1946ರ ಎರಡನೆಯ ಆವೃತ್ತಿಗೆ ಬರೆದ ದೀರ್ಘ ಪ್ರಸ್ತಾವನೆಯಲ್ಲಿ ಏಯರನು, ತನ್ನದು ತರುಣನ ಪುಸ್ತಕವೆಂದೂ ದಾರ್ಶನಿಕರಿಗೆ ವಾಡಿಕೆಯಲ್ಲದಷ್ಟು ಆವೇಶದಿಂದ ಬರೆದದ್ದೆಂದೂ ಪ್ರಾಮಾಣಿಕವಾಗಿ ಒಪ್ಪಿಕೊಂಡನು. ಆವೇಶವಿದ್ದಿತೆಂಬ ಕಾರಣದಿಂದ ತನ್ನ ವಾದವನ್ನು ಯಾರೂ ಬರಿಯ ಅಭಿರುಚಿಯೆಂದು ಎಣಿಸಬೇಕೆಂದು ಮಾತ್ರ ಅವನು ಬಯಸಲಿಲ್ಲ. ತನಗಾಗಿ ಬೇಡಿದ ಆ ನ್ಯಾಯವನ್ನು ಆರನೆಯ ಅಧ್ಯಾಯವು ಇತರರ ಅಭಿಮತಗಳಿಗೂ ಸಲ್ಲಿಸಿದ್ದರೆ, ಗ್ರಂಥದ ಹರಿತವು ಒಂದಿಷ್ಟು ತಗ್ಗುತ್ತಿತ್ತು, ತೂಕ ಹೆಚ್ಚುತ್ತಿತ್ತು.