ಮೊದಲು ಹೊಗೆ, ಆಮೇಲೆ ಎಳೆತ

ಮೀಟರ್ ಗೇಜ್ ಕಾಲದಲ್ಲಿ ಸಕಲೇಶಪುರದಿಂದ ಘಟ್ಟ ಇಳಿಯುತ್ತಿದ್ದ ಮಂಗಳೂರು ಗಾಡಿಯನ್ನು ಕಂಡವರಿಗೆ ವೈಡಿಎಂ-4 ಡೀಸೆಲ್ ಇಂಜಿನ್ನಿನ ಸದ್ದು ಮರೆಯುವಂಥದ್ದಲ್ಲ. ನಿಂತಲ್ಲೇ ಗುಡುಗುಡು ಎನ್ನುತ್ತಿರುತ್ತಿತ್ತು. ಡ್ರೈವರ್ ಥ್ರಾಟಲ್‌ನ ನಾಚ್ ಏರಿಸಿದೊಡನೆ ಒಂದು ಉಂಡೆ ಕರಿಹೊಗೆ ಮೇಲೇಳುತ್ತಿತ್ತು, ಅರೆಗಳಿಗೆ ಏನೂ ಆಗುತ್ತಿರಲಿಲ್ಲ, ಆಮೇಲೆ ಇಡೀ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು. 1996ರಲ್ಲಿ ಗೇಜ್ ಬದಲಾವಣೆಗೆಂದು ಆ ಮಾರ್ಗ ಮುಚ್ಚಿತು, ಸದ್ದೂ ಹೋಯಿತು. ಅದನ್ನು ನಾನು ಮತ್ತೆ ಕೇಳಿದ್ದು ಸಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ.

ಊರಿನ ದಕ್ಷಿಣದಂಚಿನಲ್ಲಿ, ಪಿಯರ್ 96ರ ಹತ್ತಿರ, ಸಾನ್ ಫ್ರಾನ್ಸಿಸ್ಕೊ ಬೇ ರೈಲ್‌ರೋಡ್ ಎಂಬ ಪುಟ್ಟ ರೈಲ್ವೆ ಇದೆ. ಇಂಥವನ್ನು ಅಮೆರಿಕದಲ್ಲಿ ಶಾರ್ಟ್ ಲೈನ್ ಎನ್ನುತ್ತಾರೆ. ಕೆಲವೇ ಮೈಲಿ ಹಳಿ, ಒಂದು ಯಾರ್ಡು. ಬಂದರಿನ ವ್ಯಾಗನ್‌ಗಳನ್ನು ಜೋಡಿಸಿ ಯೂನಿಯನ್ ಪೆಸಿಫಿಕ್‌ನಂಥ ದೊಡ್ಡ ರೈಲ್ವೆಗೆ ಒಪ್ಪಿಸುವುದು, ಅಲ್ಲಿಂದ ಬಂದದ್ದನ್ನು ಒಳಗೆ ತರುವುದು, ಇಷ್ಟೇ ಕೆಲಸ. ಈ ಕೆಲಸಕ್ಕೆ ಇಟ್ಟುಕೊಂಡಿರುವುದು 23 ಮತ್ತು 25 ಎಂಬ ಎರಡು ಶಂಟಿಂಗ್ ಇಂಜಿನ್ನುಗಳನ್ನು. ಎರಡನೇ ಮಹಾಯುದ್ಧದ ಕಾಲದ ಆಲ್ಕೊ ಎಸ್-2 ಮಾದರಿ. ಆಲ್ಕೊ ವಿನ್ಯಾಸದ್ದೇ ಆದ ವೈಡಿಎಂ-4ಕ್ಕೆ ಇವು ಅಜ್ಜನ ಸಾಲಿನವು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಅಮೆರಿಕನ್ ಲೋಕೊಮೋಟಿವ್ ಕಂಪನಿ, ಅಂದರೆ ಆಲ್ಕೊ, 1940ರಿಂದ 1950ರವರೆಗೆ ಇಂಥ ಸಾವಿರದೈನೂರು ಇಂಜಿನ್ನುಗಳನ್ನು ಕಟ್ಟಿತು.

ಹೊಗೆ ಯಾಕೆ ಮೊದಲು ಬರುತ್ತದೆ? ಎಸ್-2ರ ಒಳಗೆ ಸಾಲಾಗಿ ನಿಂತ ಆರು ಸಿಲಿಂಡರ್‌ಗಳಿವೆ. ಒಂದೊಂದರ ಬಾಯಗಲ ಹನ್ನೆರಡೂವರೆ ಇಂಚು, ನೀರಿನ ಕೊಡಪಾನ ಇಳಿಸಬಹುದಾದಷ್ಟು. ಇವಕ್ಕೆ ಹೆಚ್ಚಿನ ಗಾಳಿ ತುಂಬುವುದು ಟರ್ಬೊ. ಅದನ್ನು ತಿರುಗಿಸುವುದು ಇಂಜಿನ್ನಿನದೇ ಹೊಗೆ. ಥ್ರಾಟಲ್ ಎಳೆದಾಗ ಡೀಸೆಲ್ ತಕ್ಷಣ ಒಳಗೆ ಬೀಳುತ್ತದೆ. ಟರ್ಬೊ ಮಾತ್ರ ವೇಗ ಪಡೆಯಲು ಹೊತ್ತು ತೆಗೆದುಕೊಳ್ಳುತ್ತದೆ. ಆ ನಡುವೆ ಗಾಳಿ ಸಾಲದೆ ಅರೆಬೆಂದ ಎಣ್ಣೆಯೇ ಕರಿಹೊಗೆ. ಗಾಳಿ ಸರಿಯಾಗಿ ತುಂಬಿತೆಂದರೆ ಹೊಗೆ ತಿಳಿಯಾಗುತ್ತದೆ, ಸದ್ದು ಗಟ್ಟಿಯಾಗುತ್ತದೆ. ಈ ತಡವರಿಕೆಯನ್ನು ದೋಷವೆನ್ನುವವರಿದ್ದಾರೆ. ಇರಬಹುದು. ನನಗೆ ಮಾತ್ರ ಅದು ಭಾರ ಎತ್ತುವ ಮುನ್ನ ಹಮಾಲ ಎಳೆದುಕೊಳ್ಳುವ ಉಸಿರಿನ ಹಾಗೆ ಕೇಳುತ್ತದೆ.

ಎಸ್-2ರ ಸಾವಿರ ಅಶ್ವಶಕ್ತಿ ಈಗಿನ ಲೆಕ್ಕಕ್ಕೆ ಏನೂ ಅಲ್ಲ. ಆದರೆ ಶಂಟಿಂಗಿನಲ್ಲಿ ವೇಗ ಬೇಡ, ಹಳಿಯ ಮೇಲೆ ಕಚ್ಚಿ ನಿಲ್ಲುವ ತೂಕ ಬೇಕು. ಸುಮಾರು 104 ಟನ್ ಭಾರ ನಾಲ್ಕೇ ಆಕ್ಸಲ್‌ಗಳ ಮೇಲೆ ಕೂತಿದೆ, ನಾಲ್ಕಕ್ಕೂ ಮೋಟರ್ ಇದೆ. ಆಳು ನಡೆಯುವ ವೇಗದಲ್ಲಿ ತುಂಬಿದ ವ್ಯಾಗನ್ ಸಾಲನ್ನು ಅದು ಕದಲಿಸುವುದನ್ನು ನೋಡಬೇಕು. ಎಸ್-2ನ್ನು ತಮ್ಮನಾದ ಎಸ್-1ರಿಂದ ಬೇರೆ ಮಾಡಿ ಗುರುತಿಸುವುದೂ ಕಷ್ಟವಲ್ಲ: ಮೂತಿಯ ಪಕ್ಕದ ರೇಡಿಯೇಟರ್ ದೊಡ್ಡದು, ಹೊಗೆ ಕೊಳವೆಯ ಬುಡ ದಪ್ಪ. ಟರ್ಬೊ ಇಲ್ಲದ ಎಸ್-1ಕ್ಕೆ ಅವೆರಡೂ ಚಿಕ್ಕವು.

ಈ ಎರಡೂ ಇಂಜಿನ್ನುಗಳು ಇದೇ ಊರಿನವು. ಮೊದಲು ಇವು ದುಡಿದದ್ದು ರಾಜ್ಯ ಸರ್ಕಾರದ ಸ್ಟೇಟ್ ಬೆಲ್ಟ್ ರೈಲ್‌ರೋಡಿನಲ್ಲಿ; ಅದು ಎಂಬಾರ್ಕಡೆರೊ ಎಂಬ ದಂಡೆ ರಸ್ತೆಯ ಉದ್ದಕ್ಕೂ ಧಕ್ಕೆಯಿಂದ ಧಕ್ಕೆಗೆ ಹಳಿ ಹಾಸಿತ್ತು. ಯುದ್ಧದ ದಿನಗಳಲ್ಲಿ ಪೆಸಿಫಿಕ್ ದಾಟುವ ಸೈನಿಕರೂ ಸರಂಜಾಮೂ ಆ ಹಳಿಗಳ ಮೇಲೆಯೇ ಹಡಗು ಮುಟ್ಟಿದವು. 1969ರಲ್ಲಿ ಬಂದರಿನ ಜೊತೆ ರೈಲ್ವೆಯೂ ನಗರದ ಕೈಗೆ ಬಂತು. ಅಷ್ಟರಲ್ಲಿ ಕಂಟೇನರ್ ಹಡಗುಗಳು ಎದುರು ದಡದ ಓಕ್ಲೆಂಡ್ ಹಿಡಿದಿದ್ದವು. ಈಗ ಎಂಬಾರ್ಕಡೆರೊದಲ್ಲಿ ಪ್ರವಾಸಿಗರ ಟ್ರಾಮ್ ಓಡುತ್ತದೆ, ಹಳೆಯ ಇಂಜಿನ್ ಶೆಡ್ ಆಫೀಸಾಗಿದೆ. ಆಲ್ಕೊ ಕಂಪನಿ ಕೂಡ ಅದೇ 1969ರಲ್ಲಿ ಇಂಜಿನ್ ಕಟ್ಟುವುದನ್ನು ನಿಲ್ಲಿಸಿತು. ಅದರ ವಿನ್ಯಾಸ ನಮ್ಮಲ್ಲಿ ಬಾಳಿತು: 1962ರಲ್ಲಿ ಭಾರತಕ್ಕೆ ಬಂದ ಡಬ್ಲ್ಯುಡಿಎಂ-2 ಇಂಜಿನ್ನನ್ನು 1964ರಿಂದ ವಾರಾಣಸಿಯಲ್ಲೇ ಕಟ್ಟಲಾಯಿತು, ಅದರ ಸಂತತಿಯನ್ನು ಬೆಂಗಳೂರಿನ ಕೃಷ್ಣರಾಜಪುರ ಶೆಡ್ ದಶಕಗಳ ಕಾಲ ಸಾಕಿತು.

ಸಾನ್ ಫ್ರಾನ್ಸಿಸ್ಕೊದ ಈ ಪುಟ್ಟ ರೈಲ್ವೆ ತನ್ನ ಮುದಿ ಇಂಜಿನ್ನುಗಳಿಗೆ ಬಯೋಡೀಸೆಲ್ ಕುಡಿಸಿತು. ಗಿಡದೆಣ್ಣೆಯ ಹೊಗೆಗೆ ಬೋಂಡಾ ಕರಿದ ಬಾಣಲೆಯ ಘಮಲು. ಹಳಿ ಪಕ್ಕದ ಕಳೆಗೆ ವಿಷ ಹೊಡೆಯುವ ಬದಲು ಮೇಕೆ ಸಾಕಿತು. ಆ ಮಂದೆಯೇ ಮುಂದೆ ಸಿಟಿ ಗ್ರೇಜಿಂಗ್ ಎಂಬ ಸಂಸ್ಥೆಯಾಗಿ ಊರಿನ ಗುಡ್ಡಗಳನ್ನೂ ಮೇಯತೊಡಗಿತು.

ಬಣ್ಣ ಬಳಿಸಿಕೊಂಡು ಮ್ಯೂಸಿಯಮ್ಮಿನಲ್ಲಿ ನಿಂತ ಇಂಜಿನ್ನುಗಳನ್ನು ನಾನು ಗೌರವದಿಂದಲೇ ನೋಡುತ್ತೇನೆ. ಆದರೂ ಕೂಲಿಗೆ ವ್ಯಾಗನ್ ಎಳೆಯುವ ಇಂಜಿನ್ನಿಗೆ ಸಿಗುವ ಆರೈಕೆ ನಿಂತದ್ದಕ್ಕೆ ಸಿಗುವುದಿಲ್ಲ. ದುಡಿಯುವುದರ ಎಣ್ಣೆ, ಬ್ರೇಕು, ಬೇರಿಂಗನ್ನು ಯಾರಾದರೂ ನೋಡಲೇಬೇಕು.

ಬೇ ಏರಿಯಾದ ಓದುಗರು ಒಮ್ಮೆ ಈ ಯಾರ್ಡಿನ ಪಕ್ಕದ ಕಾರ್ಗೊ ವೇ ರಸ್ತೆಗೆ ಹೋಗಿ ಬನ್ನಿ. ಯಾರ್ಡಿನೊಳಗೆ ಕಾಲಿಡಬೇಡಿ, ಫುಟ್‌ಪಾತಿನಿಂದಲೇ ನೋಡಿ. ಊರಿನಿಂದ ಬಂದ ಅಪ್ಪ ಅಮ್ಮ ಮನೆಯಲ್ಲಿದ್ದರೆ ಅವರನ್ನೂ ಕರೆದೊಯ್ಯಿರಿ. ಇಂಜಿನ್ ಚಾಲೂ ಆಗಿದ್ದರೆ ಆ ಸದ್ದಿನ ಗುರುತು ಅವರಿಗೆ ನಿಮಗಿಂತ ಮೊದಲು ಸಿಗುತ್ತದೆ.